ಆ ಪುಟಕ್ಕೆ ಹೋಗಬೇಕೇ?

ಫೆಬ್ರವರಿ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಆಶೀರ್ವಾದಗಳು. ನಾನೂ ನಿನ್ನ ಮಾವನೂ ಕ್ಷೇಮ. ನಿನ್ನ ಪತ್ರ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಮೊದಲು ಕನ್ನಡಕದ ಕಡ್ಡಿ ಮುರಿದಿತ್ತು, ಆಮೇಲೆ ಪೆನ್ನು ಸರಿ ಇರಲಿಲ್ಲ, ಆಮೇಲೆ ಪ್ರೆಸ್ಸಿನಿಂದ ಕೆಲಸ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದೇ ಕಥೆ. ನಿಜ ಹೇಳಬೇಕೆಂದರೆ ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಇನ್ನು ಮೇಲೆ ನಿನ್ನನ್ನು ಸೊಸೆ ಎಂದು ಬರೆಯಬಹುದೋ ಇಲ್ಲವೋ ತಿಳಿಯಲಿಲ್ಲ. ಮಗಳು ಅಂದರೆ ಯಾರೂ ಬಂದು ತಿದ್ದುವುದಿಲ್ಲ ಎಂದು ಧೈರ್ಯ ಮಾಡಿದ್ದೇನೆ.

ನೀನು ಮತ್ತೆ ಮದುವೆಯಾಗುತ್ತಿರುವ ಸುದ್ದಿ ಓದಿ ಸಂತೋಷವಾಯಿತು. ಬಾಯಿಮಾತಿಗೆ ಹೇಳುತ್ತಿಲ್ಲ. ನಮ್ಮ ಮಗ ಹೋದಮೇಲೆ ನೀನು ಆ ಊರಿಗೆ ವರ್ಗ ಮಾಡಿಸಿಕೊಂಡು, ಕೆಲಸ ಮುಗಿಸಿ ಬಂದು ಒಬ್ಬಳೇ ಬೀಗ ತೆಗೆಯುವುದನ್ನು ನೆನೆದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ನಿನ್ನ ಪತ್ರವನ್ನು ಮಾವನ ಕೈಗೆ ಕೊಟ್ಟೆ. ಓದಿ ಮುಗಿಸಿ, "ಹುಡುಗ ಪುಸ್ತಕ ಓದೋನಾ?" ಎಂದು ಕೇಳಿದರು. "ಓದಲ್ಲವಂತೆ" ಅಂದೆ. "ವಾಸಿ. ಊಟಕ್ಕೆ ಕೂತಾಗ ಮಾತಾದ್ರೂ ಆಡ್ತಾನೆ" ಅಂದರು. ಹಾಗಂದವರು ಎದ್ದು ಹೋಗಿ, ನಲ್ಲಿ ತಿರುಗಿಸಿ, ಕೈ ತೊಳೆಯುತ್ತಾ ನಿಂತರು. ಊಟ ಇನ್ನೂ ಆಗಿರಲಿಲ್ಲ.

ಇಲ್ಲಿ ಹೇಳಿಕೊಳ್ಳುವಂಥ ಸುದ್ದಿ ಏನೂ ಇಲ್ಲ. ಪ್ರೆಸ್ಸಿಗೆ ಹೊಸ ಬೈಂಡಿಂಗ್ ಯಂತ್ರ ಬಂದಿದೆ. ಹೊಲಿಗೆ ಇಲ್ಲ, ಬರೀ ಗೋಂದು. ಪುಸ್ತಕ ಸ್ವಲ್ಪ ಅಗಲ ತೆರೆದರೆ ಹಾಳೆಗಳು ಕೈಗೇ ಬರುತ್ತವೆ. ಪ್ರೆಸ್ಸಿನ ಯಜಮಾನರಿಗೆ ಹೇಳಿದರೆ, "ಅಮ್ಮಾ, ಈಗ ಯಾರು ಎರಡನೇ ಸಲ ಓದ್ತಾರೆ?" ಎನ್ನುತ್ತಾರೆ. ಗ್ರಂಥಾಲಯದವರು ಹಳೆಯ ಪುಸ್ತಕ ತಂದಾಗ ಮಾತ್ರ ಸೂಜಿ ದಾರ ಹಿಡಿಯಲು ನನ್ನನ್ನು ಕರೆಸುತ್ತಾರೆ.

ಇನ್ನು ಆ ಸ್ಲೇಟಿನ ವಿಷಯ. ಅದನ್ನು ಇ-ರೀಡರ್ ಅನ್ನಬೇಕೆಂದು ನಮ್ಮ ಮಗ ಎಷ್ಟು ತಿದ್ದಿದರೂ ನನಗದು ಸ್ಲೇಟೇ. ನೀನು ಈ ಮನೆಯಿಂದ ಹೊರಡುವ ದಿನ ಅದನ್ನು ನನ್ನ ಕೈಗಿಟ್ಟು, "ಅತ್ತೆ, ಇದು ಅವರದು, ನಿಮ್ಮ ಹತ್ರ ಇರ್ಲಿ. ನನ್ನದು ನನ್ನ ಹತ್ರ ಇದೆ. ಎರಡಕ್ಕೂ ಒಂದೇ ಖಾತೆ, ಪುಸ್ತಕಗಳೂ ಒಂದೇ" ಅಂದಿದ್ದೆ. ಈಗ ಕೇಳಿದ್ದೀಯ: ಅವನ ಹೆಸರಿನಲ್ಲಿರುವ ಆ ಖಾತೆಯನ್ನು ಮುಚ್ಚಿಸಿ ಹೊಸ ಮನೆಗೆ ಹೋಗೋಣ ಅನ್ನಿಸುತ್ತಿದೆ, ಆದರೆ ಮುಚ್ಚಿಸಿದರೆ ನನ್ನ ಹತ್ತಿರವಿರುವುದರಲ್ಲೂ ಪುಸ್ತಕಗಳು ಹೋಗಿಬಿಡುತ್ತವೆ, ನಾನು ಬೇಡ ಅಂದರೆ ಬಿಟ್ಟುಬಿಡುತ್ತೀಯ ಎಂದು.

ಮುಚ್ಚಿಸು ತಾಯಿ. ಬೇಡ ಅನ್ನಲು ನಾನ್ಯಾರು? ಕಾಗದದ ಪುಸ್ತಕಗಳಾಗಿದ್ದರೆ ಅರ್ಧ ನಿನಗೆ, ಅರ್ಧ ನನಗೆ ಎಂದು ಹಂಚಿಕೊಳ್ಳಬಹುದಿತ್ತು. ಇದು ಇದ್ದರೆ ಇಬ್ಬರಿಗೂ ಪೂರ್ತಿ ಇರುತ್ತದೆ, ಹೋದರೆ ಇಬ್ಬರಿಗೂ ಪೂರ್ತಿ ಹೋಗುತ್ತದೆ. ಇದೆಂಥ ಆಸ್ತಿಯೋ ನನಗೆ ಅರ್ಥವಾಗುವುದಿಲ್ಲ. ನನಗಂತೂ ಅದರಿಂದ ಏನೂ ಆಗಬೇಕಾಗಿಲ್ಲ. ನಾನು ಕಾಗದದವಳು. ಎಡಗೈಗೆ ಓದಿದ ಪುಟಗಳ ಭಾರ, ಬಲಗೈಗೆ ಓದಬೇಕಾದ ಪುಟಗಳ ಭಾರ ತಿಳಿದರೇನೇ ನನಗೆ ಓದಿದ ಹಾಗೆ. ಇವತ್ತಿಗೂ ಸ್ಲೇಟು ಹಿಡಿದರೆ ಬೆರಳು ತಾನಾಗಿ ನಾಲಿಗೆಗೆ ಹೋಗುತ್ತದೆ. "ಅಮ್ಮಾ, ಅದನ್ನ ನೆಕ್ಕಿ ತಿರುಗಿಸೋದಲ್ಲ" ಎಂದು ಅವನು ಬಿದ್ದು ಬಿದ್ದು ನಗುತ್ತಿದ್ದದ್ದು ನೆನಪಿದೆಯಾ? ನಿನ್ನ ಮಾವನದು ಇನ್ನೊಂದು ತಕರಾರು. "ಪೇಪರಾದ್ರೆ ಮಡಚಿ ನೊಣ ಹೊಡೀಬಹುದು, ಇದರಲ್ಲಿ ಏನು ಹೊಡೆಯೋಣ?"

ಅವನು ಸ್ಲೇಟಿಗೆ ಹೋದದ್ದೇ ನನ್ನ ಕಾಟಕ್ಕೆ. ಎಲ್ಲಿಗೆ ನಿಲ್ಲಿಸಿದರೂ ಪುಟದ ಕಿವಿ ಮಡಚುತ್ತಿದ್ದ. "ಪುಸ್ತಕದ ಕಿವಿ ಹಿಂಡಿದರೆ ನಿನ್ನ ಕಿವಿ ಹಿಂಡ್ತೀನಿ" ಎಂದು ನಾನು ಬೆನ್ನು ಹತ್ತುತ್ತಿದ್ದೆ. ಸ್ಲೇಟು ತಂದ ದಿನ ನನ್ನ ಮುಖದ ಮುಂದೆ ಹಿಡಿದು, "ನೋಡಮ್ಮಾ, ಇದಕ್ಕೆ ಕಿವೀನೇ ಇಲ್ಲ" ಅಂದ. ಅವನ ಕಪಾಟಿನ ಪುಸ್ತಕಗಳನ್ನು ಈಗ ಒಂದೊಂದಾಗಿ ತೆಗೆದು, ಬೆನ್ನು ಹರಿದವಕ್ಕೆ ಹೊಲಿಗೆ ಹಾಕುತ್ತಿದ್ದೇನೆ. ಮಡಚಿದ ಕಿವಿಗಳನ್ನು ಮಾತ್ರ ನೇರ ಮಾಡುತ್ತಿಲ್ಲ. ನಿನಗೆ ಯಾವುದಾದರೂ ಬೇಕಿದ್ದರೆ ಹೇಳು, ಕಳಿಸುತ್ತೇನೆ. ಹೊಸ ಮನೆಯಲ್ಲಿ ಇಡುವುದು ಸರಿಯಲ್ಲ ಅನ್ನಿಸಿದರೆ ಅದನ್ನೂ ಹೇಳು, ತಪ್ಪು ತಿಳಿಯುವುದಿಲ್ಲ.

ಆ ಹುಡುಗನಿಗೆ ನಮ್ಮ ಆಶೀರ್ವಾದ ತಿಳಿಸು. ನಿನಗೆ ತಲೆನೋವು ಬಂದರೆ ಯಾರೂ ಮಾತಾಡಿಸಬಾರದು, ಕೋಪ ಬಂದರೆ ಮಾತಾಡಿಸದೆ ಇರಬಾರದು, ಇಷ್ಟನ್ನು ಅವನಿಗೆ ನಾನು ಹೇಳಿದೆನೆಂದು ಹೇಳು. ನೂರು ಕಾಲ ಸುಖವಾಗಿ ಬಾಳಿರಿ. ಮದುವೆಗೆ ಬರುವುದಿಲ್ಲ. ನಾವು ಎದುರು ಕೂತಿದ್ದರೆ ನೀನು ನಗಲು ಹಿಂಜರಿಯುತ್ತೀಯ.

ಕೆಳಗೆ ಅತ್ತೆ ಎಂದೇ ರುಜು ಹಾಕುತ್ತಿದ್ದೇನೆ. ಹೊಸ ಅತ್ತೆ ಬಂದರೆಂದು ಹಳಬಳು ರದ್ದಾಗಬೇಕಿಲ್ಲವಲ್ಲ.

ಇಂತಿ,
ನಿನ್ನ ಅತ್ತೆ

ತಾ. ಕ.: ಸ್ಲೇಟಿನಿಂದ ನನಗೇನೂ ಆಗಬೇಕಾಗಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಹೊಡೆದುಹಾಕಿದರೆ ಹಾಳೆ ಗಲೀಜಾಗುತ್ತದೆಂದು ಹಾಗೇ ಬಿಟ್ಟಿದ್ದೇನೆ.

ಅವನು ಕೊನೆಗೆ ಕೊಂಡು, ತೆರೆಯದೇ ಹೋದ ಆ ಹಡಗಿನ ಕಾದಂಬರಿಯನ್ನು ಅಲ್ಲಿ ನೀನು ಓದುತ್ತಿದ್ದೆ, ಇಲ್ಲಿ ನಾನೂ ಓದುತ್ತಿದ್ದೆ. ನಿನಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ತೆರೆದ ಕೂಡಲೇ ಸ್ಲೇಟು ಕೇಳಿತು: "ಇನ್ನೊಂದು ಸಾಧನದಲ್ಲಿ ನೀವು ೧೪೦ನೇ ಪುಟದವರೆಗೆ ಓದಿದ್ದೀರಿ. ಆ ಪುಟಕ್ಕೆ ಹೋಗಬೇಕೇ?" ಎಲ್ಲೋ ಕೂತು ಅವನೇ ಓದುತ್ತಿದ್ದಾನೆ ಅನ್ನಿಸಿಬಿಟ್ಟಿತು. ಆಮೇಲೆ ಬುದ್ಧಿ ಬಂತು. ಅವನದು ನನ್ನ ಕೈಯಲ್ಲೇ ಇದೆ. ಇನ್ನೊಂದು ನೀನು.

ಫೋನಿನಲ್ಲಿ ನೀನು ಯಾವಾಗಲೂ "ಚೆನ್ನಾಗಿದ್ದೀನಿ ಅತ್ತೆ" ಅನ್ನುತ್ತಿದ್ದೆ. ಸ್ಲೇಟು ಬೇರೆ ಹೇಳುತ್ತಿತ್ತು. ನಾಲ್ಕಾರು ಪುಟ ಮುಂದೆ ಹೋಗಿದ್ದರೆ, ಹುಡುಗಿಗೆ ನಿದ್ದೆ ಬಂದಿದೆ ಎಂದು ಸಮಾಧಾನ. ಒಂದೇ ರಾತ್ರಿಗೆ ಎರಡು ಅಧ್ಯಾಯ ದಾಟಿದ್ದರೆ, ಅಯ್ಯೋ ಬೆಳಗಾಗುವವರೆಗೂ ಎಚ್ಚರವಿದ್ದಾಳೆ ಎಂದು ಸಂಕಟ. ಅಂಥ ದಿನ ಏನೂ ತಿಳಿಯದವಳ ಹಾಗೆ ಫೋನು ಮಾಡಿ, ಅಲ್ಲಿ ಚಳಿ ಹೇಗಿದೆ ಎಂದು ಕೇಳುತ್ತಿದ್ದೆ. ಹೋಗಬೇಕೇ ಎಂದು ಅದು ಕೇಳಿದಾಗಲೆಲ್ಲ "ಬೇಡ" ಎಂದೇ ಒತ್ತಿದೆ. ನೀನು ಮುಂದೆ ಹೋಗುತ್ತಿರು, ನಾನು ಹಿಂದಿನಿಂದ ಬರುತ್ತೇನೆ ಎಂದು.

ಆಮೇಲೆ ನಿನ್ನ ಪುಟ ನಿಂತುಹೋಯಿತು. ಜ್ವರವೇನೋ ಎಂದು ಫೋನು ಮಾಡಿದೆ. ನೀನು ನಗುತ್ತಾ ಮಾತಾಡಿದೆ, ಹಿಂದಿನಿಂದ ಗಂಡಸಿನ ದನಿಯೊಂದು ನಿನ್ನನ್ನು ಏನೋ ಕೇಳಿತು. ಹಾಗಾಗಿ ನಿನ್ನ ಪತ್ರದ ಸುದ್ದಿ ನನಗೆ ಮೊದಲೇ ಬಂದಿತ್ತು ಮಗಳೇ. ನಾನು ನಿಧಾನಕ್ಕೆ ಓದುತ್ತಾ ಈಗ ನೀನು ನಿಂತ ಪುಟಕ್ಕೇ ಬಂದು ಕೂತಿದ್ದೇನೆ. ಸ್ಲೇಟು ಏನೂ ಕೇಳುತ್ತಿಲ್ಲ. ನಿನ್ನನ್ನು ಹಿಂದೆ ಬಿಟ್ಟು ಪುಟ ತಿರುಗಿಸಲು ನನ್ನ ಕೈಲಾಗುತ್ತಿಲ್ಲ.

ಖಾತೆ ಮುಚ್ಚಿಸುವ ಹಿಂದಿನ ದಿನ ಆ ಕಾದಂಬರಿ ತೆರೆದು ಒಂದು ಪುಟ ಮುಂದೆ ಹೋಗು. ಓದಬೇಕಾಗಿಲ್ಲ, ಸುಮ್ಮನೆ ತಿರುಗಿಸಿದರೆ ಸಾಕು. ಬೆಳಿಗ್ಗೆ ಅದು ನನ್ನನ್ನು ಇನ್ನೊಂದು ಸಲ ಕೇಳಲಿ. ಈ ಸಲ "ಹೌದು" ಒತ್ತುತ್ತೇನೆ.