ಜಿಮ್ಮಿಯ ಕಾಲಿಗೆ ಹರಳೆಣ್ಣೆ

೧೪-೭-೯೬, ಭಾನುವಾರ. ಭೀಮನಬೀಡು.

ಎಣ್ಣೆ ಬೇಡ ಅಂತ ಅತ್ತೆಗೆ ಹೇಳಿ ಹೇಳಿ ಸಾಕಾಯ್ತು. ಲಾರಿಗೆ ಸಿಕ್ಕಿದ ನಮ್ಮ ನಾಯಿ ಜಿಮ್ಮಿಯ ಹಿಂಗಾಲನ್ನು ಬರಿಗೈಯಲ್ಲಿ ಮೆಲ್ಲಗೆ ನೀವಿ ಅಂತ ಗುಂಡ್ಲುಪೇಟೆಯ ದನದ ಡಾಕ್ಟರು ಹೇಳಿದ್ದರು. ಇಪ್ಪತ್ತು ದಿನ ಎರಡು ಹೊತ್ತೂ ನೀವಿದೆ. ಜಿಮ್ಮಿ ಏಳಲಿಲ್ಲ.

ಇವತ್ತು ನಾನು ಬಟ್ಟೆ ಒಗೆಯಲು ಹೋದಾಗ ಅತ್ತೆ ಹಸುಗೂಸಿಗೆ ತಿಕ್ಕುವ ಹಾಗೆ ಹರಳೆಣ್ಣೆ ಸುರಿದು ತಿಕ್ಕಿದ್ದಾರೆ. ಅದು ಅಷ್ಟನ್ನೂ ನೆಕ್ಕಿದೆ. ಮಧ್ಯಾಹ್ನದಿಂದ ಪಡಸಾಲೆ ತುಂಬ ಭೇದಿ. ನಾಲ್ಕು ಸಲ ತೊಳೆದೆ. ಮೇಲೆ ನನಗೇ ಬುದ್ಧಿವಾದ: "ಎಣ್ಣ ಇಲ್ದೆ ನೀವುದ್ರ ನರ ಸಡ್ಲಾದದಾ, ಬುಡು ಕಣಮ್ಮಿ."

ಐದನೇ ಸಲ ಬಕೆಟ್ ಹಿಡಿದು ಬಂದರೆ ಜಿಮ್ಮಿ ಅಲ್ಲಿಲ್ಲ. ಹೊಸ್ತಿಲು ದಾಟಿ, ತಿಪ್ಪೆಯ ಪಕ್ಕ ನಾಲ್ಕೂ ಕಾಲೂರಿ ನಿಂತಿತ್ತು.

ನಾಳೆಯಿಂದ ಊರಿಗೆಲ್ಲ ಹರಳೆಣ್ಣೆಯ ಕತೆ. ನನ್ನ ಇಪ್ಪತ್ತು ದಿನದ ಮಾತು ಯಾರೂ ಎತ್ತುವುದಿಲ್ಲ.