ತಿರುಪತಿಗೆ ಹೋಗದೆ ಬಂದ ಲಾಡು

ಮಾವಳ್ಳಿ, ಬೆಂಗಳೂರು
12-8-2024

ಮಾರಕ್ಕನಿಗೆ ತಮ್ಮ ಪುಟ್ಟಯ್ಯ ಮಾಡೋ ನಮಸ್ಕಾರ.

ಎಲ್ಲಾ ಕ್ಷೇಮ ಅಂತ ಬರೀಬೇಕು, ಮುಕ್ಕಾಲು ಕ್ಷೇಮ ಅಂತ ಇಟ್ಕೋ. ತಡವಾಗಿದ್ದಕ್ಕೆ ಬೈಬೇಡ. ಕೀಮೋ ಶುರುವಾದ್ಮೇಲೆ ಬೆರಳ ತುದಿ ಜೋಮು ಹಿಡಿದಿದೆ. ಮೊದಲೂ ನನ್ನ ಅಕ್ಷರ ಹಿಂಗೇ ಇತ್ತು, ಈಗ ಹೇಳ್ಕೊಳೋಕೆ ಒಂದು ಕಾರಣ ಸಿಕ್ತು. ಅಮ್ಮನ್ನ ನೋಡೋಕೆ ಯಾಕೆ ಬರ್ತಿಲ್ಲ ಅಂತ ಕೇಳಿದ್ಯಲ್ಲ, ಫೋನಲ್ಲಿ ಹೇಳಣ ಅಂದ್ರೆ ಅವಳು "ಸ್ಪೀಕರ್ ಹಾಕೇ" ಅಂತಾಳೆ. ಅವಳಿಗೆ ನನ್ನ ಕಾಯಿಲೆ ಗೊತ್ತಾಗಬಾರ್ದು. ಅದಕ್ಕೇ ಕಾಗದ. ನೀನೊಬ್ಬಳೇ ಓದ್ಕೋ.

ಹೋದ ತಿಂಗಳು ಕೂದಲು ಉದುರೋಕೆ ಶುರುವಾಯ್ತು. ದಿಂಬು ನೋಡಿ ಭಾಗ್ಯ ಅಳ್ತಾ ಕೂತ್ಲು. ಹೆಂಡ್ತೀನ ದಿನಾ ಯಾರು ಸಮಾಧಾನ ಮಾಡ್ತಾರೆ ಅಂತ ಹೋಗಿ ನುಣ್ಣಗೆ ಬೋಳಿಸ್ಕೊಂಡು ಬಂದೆ. ಗಲ್ಲಿ ತಿರುಗೋದ್ರೊಳಗೆ ಎದುರುಮನೆ ಕಾವೇರಮ್ಮ ಹಿಡ್ಕೊಂಡ್ರು.

"ತಿರುಪತಿಗೆ ಹೋಗಿದ್ಯೇನೋ ಪುಟ್ಟಯ್ಯ? ದರ್ಶನ ಚೆನ್ನಾಗಾಯ್ತಾ?"

ಕ್ಯಾನ್ಸರ್ ಅನ್ನೋದಕ್ಕಿಂತ ತಿರುಪತಿ ಅನ್ನೋದು ಸಲೀಸು. ಹೂಂ ಅಂದ್ಬಿಟ್ಟೆ.

"ಲಾಡು ಎಲ್ಲಿ ಮತ್ತೆ?"

ಸಾಯಂಕಾಲದೊಳಗೆ ಇಡೀ ಬೀದಿ ಲಾಡಿಗೆ ಕಾಯ್ತಿತ್ತು. ವಿ.ವಿ. ಪುರಂಗೆ ಹೋಗಿ ಅಂಗಡಿ ಲಾಡು ತಂದು ಹಂಚಿದೆ. ಕಾವೇರಮ್ಮ ಕಣ್ಣಿಗೊತ್ಕೊಂಡು ತಿಂದು, "ಬೆಟ್ಟದ ಲಾಡು ರುಚಿನೇ ಬೇರೆ ಕಣಪ್ಪ" ಅಂದ್ರು. ಭಾಗ್ಯ ಸೆರಗು ಬಾಯಿಗಿಟ್ಕೊಂಡು ಒಳಗೋಡಿದ್ಲು. ಎಷ್ಟೋ ದಿನ ಆದ್ಮೇಲೆ ನಕ್ಲು.

ಆಸ್ಪತ್ರೇಲಿ ನನ್ನ ಪಕ್ಕದ ಕುರ್ಚಿ ಗಂಗರತ್ನಮ್ಮಂದು. ಕುಮಾರ ಪಾರ್ಕ್‌ನೋರು, ತಾಲೂಕಾಫೀಸಲ್ಲಿದ್ದು ರಿಟೈರ್ ಆದೋರು. ನನಗಿಂತ ಎರಡು ಡೋಸ್ ಸೀನಿಯರ್ರು, ಅದಕ್ಕೇ ದರ್ಪ. "ಬಾಯೆಲ್ಲ ಕಬ್ಬಿಣ ಕಬ್ಬಿಣ ಅನ್ನುತ್ತಾ? ಸ್ಟೀಲ್ ಚಮಚ ಬಿಸಾಕಿ, ಕೈಲಿ ತಿನ್ನಿ" ಅಂದ್ರು. ಒಗ್ಗರಣೆ ವಾಸನೆಗೆ ವಾಂತಿ ಬಂದ್ರೆ, ಒಗ್ಗರಣೆ ಹಾಕೋ ಹೊತ್ತಿಗೆ ವಾಕಿಂಗ್ ಹೋಗ್ಬೇಕಂತೆ. ಲಾಲ್‌ಬಾಗ್ ಗೇಟ್ ತನಕ ಹೋಗ್ಬರ್ತೀನಿ. ಬಿಸಿ ಸಾರು ಬಿಟ್ಟು ತಣ್ಣಗಿನ ಮೊಸರನ್ನ, ಅದೂ ಮೇಕೆ ಥರ ಆಗಾಗ ಒಂಚೂರು. ಉಪ್ಪು, ಸೋಡಾಪುಡಿ ಕಲಸಿದ ನೀರಲ್ಲಿ ಬಾಯಿ ಮುಕ್ಕಳಿಸ್ತೀನಿ. ಡಾಕ್ಟರು ಹೇಳಿದ್ದೂ ಇದೇ. ಆದ್ರೆ ಈಯಮ್ಮ ಫೋನ್ ಮಾಡಿ, "ಮುಕ್ಕಳಿಸಿದ್ರಾ? ಸುಳ್ಳು ಹೇಳ್ಬೇಡಿ" ಅಂತಾರೆ.

ಲಾಡು ಕತೆ ವಾರ್ಡಲ್ಲಿ ಹೇಳಿದೆ. ಎಲ್ಲಾ ಸೂಜಿ ಚುಚ್ಚಿಸ್ಕೊಂಡೇ ನಕ್ರು. ಯಾರದೋ ಡ್ರಿಪ್ ಮಿಷನ್ನು ಕುಂಯ್ ಅಂತು, ಸಿಸ್ಟರ್ ಓಡಿ ಬಂದ್ರು. ಗಂಗರತ್ನಮ್ಮ ಮಾತ್ರ ನಗು ನಿಲ್ಸಿ, "ಅಮ್ಮನ್ನ ನೋಡೋಕೆ ಯಾವಾಗ ಹೋಗ್ತೀರಿ?" ಅಂದ್ರು.

"ಕೂದಲು ಬರ್ಲಿ."

"ಹೆಂಗಸು ನಾನು, ಈ ಬೋಳು ತಲೇಲಿ ಕುಮಾರ ಪಾರ್ಕ್ ಪೂರ್ತಿ ಓಡಾಡ್ತೀನಿ. ನಿಮಗೇನ್ರೀ ಕಷ್ಟ? ಬೀದಿಗೆಲ್ಲಾ ತಿರುಪತಿ ಆಯ್ತು, ಹೆತ್ತೋಳಿಗೆ ಆಗಲ್ವಾ?"

ಸೂಜಿ ಚುಚ್ಚಿದ ಕೈಲೇ ಫೋನ್ ತೆಗೆದು ಬಸ್ ಟೈಮ್ ನೋಡಿದೆ.

ಅದಕ್ಕೇ ಈ ಭಾನುವಾರ ಬರ್ತಿದೀನಿ. ತಿರುಪತಿಗೆ ಹೋಗಿದ್ದ ಅಂತ ಅಮ್ಮನಿಗೆ ಹೇಳಿಟ್ಟಿರು. ಒಗ್ಗರಣೆ ಎಲ್ಲ ನಾನು ಬರೋದ್ರೊಳಗೆ ಮುಗಿಸ್ಬಿಡು. ಭಾವನಿಗೆ ನಮಸ್ಕಾರ, ಮಕ್ಕಳು ನೂರು ವರ್ಷ ಬಾಳ್ಲಿ.

ನಿನ್ನ ತಮ್ಮ
ಪುಟ್ಟಯ್ಯ

ಮರೆತಿದ್ದಲ್ಲ, ಮೇಲೆ ಬರೆಯೋಕಾಗ್ಲಿಲ್ಲ: ಅಪ್ಪ ಹೋದಾಗ ನಾನು ತಲೆ ಬೋಳಿಸ್ಕೊಂಡು ಬಂದು ನಿಂತ್ರೆ, ಅಮ್ಮ ತಲೆ ಸವರಿ, "ನನಗೂ ನೀನೇ ಮಾಡ್ಬೇಕು ಮಗ" ಅಂದಿದ್ಲು. ಹೂಂ ಅಂದಿದ್ದೆ. ಈಗ್ಲೂ ಸವರ್ತಾಳೆ. ಅವಳನ್ನ ಕಳಿಸಿಕೊಡೋ ತನಕ ನಾನು ಇರ್ತೀನೋ ಇಲ್ವೋ ಅಕ್ಕ. ಊರಿಗೆಲ್ಲಾ ಸುಳ್ಳು ಹೇಳ್ತೀನಿ, ಅವಳ ಕೈ ತಲೆ ಮೇಲಿದ್ರೆ ಬಾಯಿಗೆ ಬರಲ್ಲ. ಕಾಫಿ ಮಾಡ್ತೀನಿ ಅಂತ ಎದ್ದು ಹೋಗ್ಬೇಡ. ನನ್ನ ಪಕ್ಕದಲ್ಲೇ ಕೂತಿರು.