ನಾರ್ಮಾ ಕೂರುತ್ತಿದ್ದ ಸೀಟು

ಡೆಲ್ಬರ್ಟ್,

ನಿನ್ನನ್ನು ಮಣ್ಣು ಮಾಡಿ ಆರು ತಿಂಗಳಾಯಿತು. ಆದರೂ ಹೇಳಬೇಕು.

ಇವತ್ತು ಫ್ಲಿಂಟ್ ಊರಿನ ನಮ್ಮ ಬ್ಯೂಕ್ ಕಾರು ಮಾಲೀಕರ ಸಂಘಕ್ಕೆ ಕಾರು ಕಂಪನಿಯ ಹುಡುಗಿಯೊಬ್ಬಳು ಬಂದು, ಮುಂದಿನ ಕಾರುಗಳಲ್ಲಿ ಏನಿರಬೇಕೆಂದು ಕೇಳಿದಳು. ಎಲ್ಲರೂ ಎಂಟು ಸಿಲಿಂಡರಿನ ಎಂಜಿನ್ ಕೇಳಿದರು.

“ಮುಂದೆ ಒಂದೇ ಉದ್ದ ಸೀಟು ಕೊಡಿ. ಹೆಂಡ್ತಿ ಪಕ್ಕದಲ್ಲೇ ಒತ್ಕೊಂಡು ಕೂರೋ ಹಾಗಿರ್ಲಿ,” ಎಂದೆ.

“ಮುದುಕನ ಚಪಲ ನೋಡ್ರೋ,” ಎಂದ ವೆಂಡೆಲ್. ಎಲ್ಲರೂ ನಕ್ಕರು.

ನಾಲ್ಕು ವರ್ಷದ ಹಿಂದೆ ನೀನು ಇದನ್ನೇ ಕೇಳಿದಾಗ ಮೊದಲು ನಕ್ಕವನು ನಾನು. ಅಂದಿನಿಂದ ನೀನು ಸಂಘಕ್ಕೆ ಬರಲಿಲ್ಲ. ನಿನ್ನ ಮನೆ ನನ್ನ ಮನೆಯಿಂದ ಎರಡೇ ಬೀದಿ ಆಚೆಗಿತ್ತು, ಆದರೂ ನಾನು ಒಮ್ಮೆಯೂ ಬರಲಿಲ್ಲ.

“ಅಂಥ ಸೀಟು ಇನ್ನು ಬರಲ್ಲ ಸರ್,” ಎಂದಳು ಹುಡುಗಿ.

ನಿನ್ನ ಸಂಘದ ಜಾಕೆಟ್ ಹಿಂದಿರುಗಿಸಲು ಬಂದಿದ್ದ ನಿನ್ನ ಹೆಂಡತಿ ನಾರ್ಮಾ ಬಾಗಿಲಲ್ಲೇ ನಿಂತಿದ್ದಳು. ಮನೆಗೆ ಬಿಡುತ್ತೇನೆ ಎಂದೆ.

“ಬೇಡ ಆರ್ವಿಲ್, ಬಸ್ಸಿದೆ,” ಎಂದಳು.